ಮೇಲೆ ಪ್ಲೇನರ್, ಮಗುಚಿದರೆ ಮೇಜು: ಜಾಗ ಉಳಿಸುವ ಸ್ಟ್ಯಾಂಡ್ ಕಟ್ಟುವುದು ಹೇಗೆ

ಮನೆಯಲ್ಲೇ ಮರಗೆಲಸ ಮಾಡುವವರಿಗೆ, ಮರವನ್ನು ಒಂದೇ ದಪ್ಪಕ್ಕೆ ಹೆರೆಯುವ ಪ್ಲೇನರ್ ಯಂತ್ರ ಕೊಳ್ಳುವುದಕ್ಕಿಂತ ಅದನ್ನು ಇಡುವುದು ದೊಡ್ಡ ತಲೆನೋವು. ಕೆಲಸವಿದ್ದಾಗ ಅರ್ಧ ಗಂಟೆ ಓಡುತ್ತದೆ. ಉಳಿದ ಹೊತ್ತೆಲ್ಲ ಮೇಜಿನ ಮೇಲೆ ಸುಮ್ನೆ ಕೂತಿರುತ್ತದೆ. 30×40 ಸೈಟಿನ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ಒಂದು ಮೂಲೆಯೇ ನಿಮ್ಮ ಕಾರ್ಖಾನೆ ಆಗಿದ್ದರೆ, ಆ ಮೇಜಿನ ಒಂದೊಂದು ಅಡಿಯೂ ಬೇಕು, ಅಲ್ವಾ? ಕೆಳಗಿಳಿಸಿ ಇಡೋಣ ಎಂದರೆ ಪ್ರತಿ ಸಲ ಮೂವತ್ತು ನಲವತ್ತು ಕಿಲೋ ಬಗ್ಗಿ ಎತ್ತಬೇಕು. ಸೊಂಟ ತಡೆಯುವುದಿಲ್ಲ.

ಇದಕ್ಕೆ ನನಗೆ ತುಂಬಾ ಹಿಡಿಸಿದ ಪರಿಹಾರ ಮಗುಚುವ ಸ್ಟ್ಯಾಂಡ್. ಎರಡು ಪಕ್ಕದ ಹಲಗೆ, ನಡುವೆ ಒಂದು ಅಚ್ಚು, ಆ ಅಚ್ಚಿನ ಮೇಲೆ ತಿರುಗುವ ದಪ್ಪ ಮೇಲ್ಹಲಗೆ. ಮೇಲ್ಹಲಗೆಯ ಒಂದು ಮುಖಕ್ಕೆ ಪ್ಲೇನರ್ ಬಿಗಿದಿರುತ್ತದೆ, ಇನ್ನೊಂದು ಮುಖ ಖಾಲಿ. ಬೇಕಾದಾಗ ಯಂತ್ರ ಮೇಲೆ. ಬೇಡವಾದಾಗ ಮಗುಚಿದರೆ ಯಂತ್ರ ತಲೆಕೆಳಗಾಗಿ ಒಳಗೆ ಸೇರುತ್ತದೆ, ಮೇಲೆ ಸಮತಟ್ಟಾದ ಮೇಜು ಸಿಗುತ್ತದೆ. ನೋಡಲು ಸರಳ, ಆದರೆ ಇದರ ಹಣೆಬರಹ ನಿಂತಿರುವುದು ಮರಗೆಲಸದ ನಯದ ಮೇಲಲ್ಲ, ಮೊದಲು ಮಾಡುವ ಲೆಕ್ಕದ ಮೇಲೆ. ಹಾಗಾಗಿ ಇಲ್ಲಿ ಗರಗಸಕ್ಕಿಂತ ಮೊದಲು ಟೇಪು, ಪೆನ್ಸಿಲ್ಲು ಬರುತ್ತವೆ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಹೇಳುತ್ತಿರುವುದು ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವ ಎಲೆಕ್ಟ್ರಿಕ್ ಕೀಸುಳಿಯ ಬಗ್ಗೆ ಅಲ್ಲ. ಒಂದು ಕಡೆಯಿಂದ ಮರ ತೂರಿಸಿದರೆ ಇನ್ನೊಂದು ಕಡೆ ಒಂದೇ ದಪ್ಪಕ್ಕೆ ಬಂದು ಬೀಳುವ, ಮೇಜಿನ ಮೇಲಿಡುವ ಪ್ಲೇನರ್ ಬಗ್ಗೆ. ಥಿಕ್ನೆಸ್ಸರ್ ಅಂತಲೂ ಕರೆಯುತ್ತಾರೆ. ಮಕೀಟಾ 2012ಎನ್‌ಬಿ, ಡಿವಾಲ್ಟ್ ಡಿಡಬ್ಲ್ಯೂ735 ಈ ಜಾತಿಯವು. ಮಕೀಟಾ ಸುಮಾರು 28 ಕಿಲೋ, ಡಿವಾಲ್ಟ್ ಸುಮಾರು 42 ಕಿಲೋ. ಈ ಎರಡು ತೂಕಗಳ ನಡುವಿನ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ.

ಮೊದಲು ಯಂತ್ರವನ್ನು ಅಳೆಯಿರಿ

ಕಂಪನಿಯ ಪುಸ್ತಕದಲ್ಲಿರುವ ಅಳತೆ ನಂಬಿ ಪ್ಲೈ ಕತ್ತರಿಸಬೇಡಿ. ಹಿಡಿಕೆ, ವೈರು ಹೊರಬರುವ ಜಾಗ, ಹೊಟ್ಟು ಉಗುಳುವ ಬಾಯಿ ಇವೆಲ್ಲ ಹೊರಚಾಚಿರುತ್ತವೆ. ಯಂತ್ರವನ್ನು ನೆಲದ ಮೇಲಿಟ್ಟು ನಾಲ್ಕು ಅಳತೆ ತೆಗೆದುಕೊಳ್ಳಿ. ಹಿಡಿಕೆಯೂ ಸೇರಿ ಅತಿ ಹೆಚ್ಚು ಅಗಲ. ಮರಕ್ಕೆ ಆಸರೆಯಾಗಿ ಮುಂದೆ ಹಿಂದೆ ಚಾಚುವ ಮೇಜುರೆಕ್ಕೆಗಳನ್ನು ಮಡಚಿದಾಗಿನ ಉದ್ದ. ಬ್ಲೇಡಿರುವ ತಲೆಭಾಗವನ್ನು ಪೂರ್ತಿ ಮೇಲೇರಿಸಿದಾಗಿನ ಎತ್ತರ. ಕೊನೆಯದು, ಪಾದದಿಂದ ಮರ ಜಾರುವ ಹಾಸಿನವರೆಗಿನ ಎತ್ತರ. ಈ ಕೊನೆಯ ಅಳತೆಯನ್ನು ಎಲ್ಲರೂ ಮರೆಯುತ್ತಾರೆ. ಅದರ ಕೆಲಸ ಕೊನೆಗೆ ಬರುತ್ತದೆ, ಈಗಲೇ ಬರೆದಿಟ್ಟುಕೊಳ್ಳಿ.

ಲೆಕ್ಕ ತೋರಿಸಲು ಒಂದು ಉದಾಹರಣೆ ಹಿಡಿಯೋಣ: ಅಗಲ 485, ಮಡಚಿದಾಗಿನ ಉದ್ದ 440, ಎತ್ತರ 400. ಇಲ್ಲಿಂದ ಮುಂದೆ ಎಲ್ಲ ಅಳತೆಯೂ ಮಿಲಿಮೀಟರಿನಲ್ಲಿ. ನಿಮ್ಮ ಯಂತ್ರದ ಅಂಕಿಯನ್ನು ಇದೇ ಜಾಗದಲ್ಲಿ ಕೂರಿಸಿಕೊಳ್ಳಿ.

ಸುತ್ತುವ ದೂರದ ಲೆಕ್ಕ

ಮೇಲ್ಹಲಗೆ ತಿರುಗುವಾಗ ಯಂತ್ರದ ಮೇಲಿನ ಮೂಲೆ ಅಚ್ಚಿನ ಸುತ್ತ ಒಂದು ದೊಡ್ಡ ವೃತ್ತ ಬರೆಯುತ್ತದೆ. ಆ ವೃತ್ತದೊಳಗೆ ಪಟ್ಟಿ, ಡ್ರಾಯರು, ಸ್ಕ್ರೂ ಯಾವುದೂ ಇರಕೂಡದು. ಎತ್ತರ 400 ಇದೆಯಲ್ಲ, ಕೆಳಗೆ 420 ಬಿಟ್ಟರೆ ಸಾಕು ಎಂದುಕೊಂಡರೆ ಕೆಲಸ ಕೆಡುತ್ತದೆ. ತಲೆಕೆಳಗಾಗಿ ನಿಂತಾಗ ಅಷ್ಟು ಸಾಕು, ನಿಜ. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಮೂಲೆ ಅದಕ್ಕಿಂತ ಕೆಳಗಿಳಿದು ಹೋಗುತ್ತದೆ.

ಸ್ಕೂಲಿನಲ್ಲಿ ಕಲಿತ ಪೈಥಾಗೊರಸ್ ಸೂತ್ರವೇ ಸಾಕು. ನಮ್ಮ ಮೇಲ್ಹಲಗೆಯ ದಪ್ಪ 66 ಇರುತ್ತದೆ, ಅಚ್ಚು ಅದರ ಸರಿ ನಡುವೆ. ಅಂದರೆ ಅಚ್ಚಿನಿಂದ ಯಂತ್ರದ ಪಾದಕ್ಕೆ 33. ಅದಕ್ಕೆ ಯಂತ್ರದ ಎತ್ತರ 400 ಸೇರಿಸಿದರೆ 433. ಉದ್ದದ ಅರ್ಧ 220. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 486 ಬರುತ್ತದೆ. ಇದಕ್ಕೆ 25 ಸಡಿಲ ಕೊಟ್ಟು 510 ಎಂದು ಇಟ್ಟುಕೊಳ್ಳಿ. ಅಚ್ಚಿನಿಂದ ಕೆಳಗೆ 510 ತನಕ ಎಲ್ಲವೂ ಖಾಲಿ ಇರಬೇಕು. ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ರಟ್ಟಿನಲ್ಲಿ ಯಂತ್ರದ ಪಕ್ಕನೋಟವನ್ನು ನಿಜ ಅಳತೆಗೆ ಕತ್ತರಿಸಿ, ಅಚ್ಚಿನ ಜಾಗಕ್ಕೆ ಮೊಳೆ ಚುಚ್ಚಿ, ಗೋಡೆಯ ಮೇಲೆ ತಿರುಗಿಸಿ ನೋಡಿ. ಹತ್ತು ನಿಮಿಷದ ಕೆಲಸ.

ಮುಂದಿನ ಪ್ರಶ್ನೆ ಎತ್ತರ. ಇಲ್ಲಿ ಒಂದು ಆಯ್ಕೆ ಮಾಡಲೇಬೇಕು. ಖಾಲಿ ಮುಖ ನಿಮ್ಮ ಕೆಲಸದ ಮೇಜಿಗೆ ಸಮವಾಗಿರಬೇಕೋ, ಅಥವಾ ಪ್ಲೇನರ್‌ನ ಹಾಸು ಮೇಜಿಗೆ ಸಮವಾಗಿರಬೇಕೋ? ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾಕೆಂದರೆ ಹಾಸು ಯಂತ್ರದ ಪಾದಕ್ಕಿಂತ ಮೇಲಿರುತ್ತದೆ. ನಾನು ಖಾಲಿ ಮುಖದ ಪರ. ದಿನದ ಹೆಚ್ಚು ಹೊತ್ತು ನೀವು ಬಳಸುವುದು ಅದನ್ನೇ. ದೊಡ್ಡ ಪ್ಲೈ ಕತ್ತರಿಸುವಾಗ, ಬಾಗಿಲ ಚೌಕಟ್ಟು ಜೋಡಿಸುವಾಗ ಮೇಜಿನ ಪಕ್ಕಕ್ಕೆ ಈ ಸ್ಟ್ಯಾಂಡ್ ಎಳೆದು ನಿಲ್ಲಿಸಿದರೆ ಮೇಜು ಎರಡಡಿ ಉದ್ದವಾಗುತ್ತದೆ. ಜಾಗ ನಿಜವಾಗಿ ಉಳಿಯುವುದು ಹೀಗೆ.

ನಿಮ್ಮ ಮೇಜು ನೆಲದಿಂದ 850 ಇದ್ದರೆ, ಅಚ್ಚು 850ರಿಂದ 33 ಕಳೆದು 817ರಲ್ಲಿ ಕೂರಬೇಕು. 817ರಿಂದ 510 ಕಳೆದರೆ 307. ನೆಲದಿಂದ 307 ತನಕ ಏನು ಬೇಕಾದರೂ ಇರಬಹುದು, ಅದರ ಮೇಲೆ ಯಂತ್ರದ ರಾಜ್ಯ. ಮೇಜು ಇನ್ನೂ ತಗ್ಗಿದ್ದರೆ ಕೆಳಗಿನ ಜಾಗ ಅಷ್ಟೇ ಕಡಿಮೆಯಾಗುತ್ತದೆ. ಗಾಲಿ, ತಳ ಎರಡಕ್ಕೆ 150ರಷ್ಟು ಬೇಕೇ ಬೇಕು. ಹಾಗಾಗಿ ಮೇಜು 700ಕ್ಕಿಂತ ತಗ್ಗಿದ್ದರೆ ಈ ವಿನ್ಯಾಸ ಹೊಂದುವುದು ಕಷ್ಟ.

ತೂಕವನ್ನು ಹಗುರವಾಗಿ ಕಾಣಬೇಡಿ

ಯಂತ್ರ ನೆಟ್ಟಗೆ ಮೇಲಿದ್ದಾಗ ಕೈಗೆ ಭಾರವೇ ಗೊತ್ತಾಗುವುದಿಲ್ಲ. ಪೂರ್ತಿ ಕೆಳಗಿದ್ದಾಗಲೂ ಅಷ್ಟೇ. ನಡುವೆ, ಮೇಲ್ಹಲಗೆ ನೆಟ್ಟಗೆ ನಿಂತು ಯಂತ್ರ ಅಡ್ಡವಾಗಿ ಚಾಚಿದ ಗಳಿಗೆಯಲ್ಲಿ ಅತಿ ಹೆಚ್ಚು ಭಾರ ಕೈಗೆ ಬರುತ್ತದೆ. ಎಷ್ಟು ಎಂದು ಮುಂಚೆಯೇ ತಿಳಿಯಬಹುದು. ಯಂತ್ರದ ತೂಕವನ್ನು, ಅಚ್ಚಿನಿಂದ ಯಂತ್ರದ ಭಾರ ಕೇಂದ್ರಕ್ಕಿರುವ ದೂರದಿಂದ ಗುಣಿಸಿ, ಅಚ್ಚಿನಿಂದ ನಿಮ್ಮ ಕೈಗಿರುವ ದೂರದಿಂದ ಭಾಗಿಸಿ. ಭಾರ ಕೇಂದ್ರ ಅಚ್ಚಿನಿಂದ 200 ದೂರದಲ್ಲಿದೆ, ಕೈ ಮೇಲ್ಹಲಗೆಯ ಅಂಚಿನಲ್ಲಿ 300 ದೂರದಲ್ಲಿದೆ ಎಂದುಕೊಳ್ಳಿ. 28 ಕಿಲೋ ಯಂತ್ರಕ್ಕೆ ಹತ್ತಿರ ಹತ್ತಿರ 19 ಕಿಲೋ, 42 ಕಿಲೋ ಯಂತ್ರಕ್ಕೆ 28 ಕಿಲೋ.

19 ಕಿಲೋವನ್ನು ಆರೋಗ್ಯವಂತ ಒಬ್ಬರು ನಿಧಾನವಾಗಿ ನಿಭಾಯಿಸಬಹುದು. 28 ಕಿಲೋ ಒಬ್ಬರ ಕೆಲಸವಲ್ಲ. ಕೈ ಜಾರಿದರೆ ಬೆರಳು ಸಿಕ್ಕುವುದು ಮೇಲ್ಹಲಗೆ ಮತ್ತು ಪಕ್ಕದ ಹಲಗೆಯ ನಡುವೆ. ನಿಮ್ಮದು 35 ಕಿಲೋ ಮೇಲಿದ್ದರೆ ಎರಡು ದಾರಿ ಇವೆ. ಇನ್ನೊಂದು ಮುಖಕ್ಕೆ ಬೇರೊಂದು ಭಾರದ ಯಂತ್ರ ಬಿಗಿದರೆ ತೂಕ ತಕ್ಕಡಿಗೆ ಬರುತ್ತದೆ. ಮರವನ್ನು ಕೋನಕ್ಕೆ ಕತ್ತರಿಸುವ ಮೈಟರ್ ಸಾ ಆಗಬಹುದು. ಆದರೆ ಖಾಲಿ ಮೇಜು ಹೋಯಿತು. ಇಲ್ಲವೇ ಮಗುಚುವ ಆಸೆ ಬಿಟ್ಟು, ಮೇಜಿನ ಕೆಳಗೆ ತೂರುವಷ್ಟು ತಗ್ಗಿನ ಗಾಲಿ ಪೆಟ್ಟಿಗೆ ಮಾಡಿ, ಅದರ ಮೇಲೆ ಪ್ಲೇನರ್ ಬಿಗಿದು, ಬಳಸುವಾಗ ಹೊರಗೆಳೆದುಕೊಳ್ಳಿ. ಬಗ್ಗಿ ಕೆಲಸ ಮಾಡಬೇಕಾಗುತ್ತದೆ, ಆದರೂ ಒಬ್ಬರೇ ದುಡಿಯುವವರಿಗೆ ಭಾರದ ಯಂತ್ರಕ್ಕೆ ಅದೇ ಕ್ಷೇಮ ಅಂತ ನನ್ನ ಅಭಿಪ್ರಾಯ.

ಸಾಮಾನು

18 ಮಿ.ಮೀ. ಪ್ಲೈವುಡ್ ಒಂದು ಪೂರ್ತಿ ಶೀಟು, 8×4 ಅಡಿ. ಕಾರು ನಿಲ್ಲಿಸುವ ಜಾಗಕ್ಕೆ ಮಳೆಯ ಎರಚಲು ಬರುತ್ತದೆ ಅಂತಾದರೆ ಐಎಸ್ 710 ಮುದ್ರೆಯ ಮರೀನ್ ಪ್ಲೈ ತನ್ನಿ. ಒಳಗೇ ಇದ್ದರೆ ಐಎಸ್ 303ರ ಬಿಡಬ್ಲ್ಯೂಆರ್, ಅಂದರೆ ಕುದಿನೀರಿಗೂ ತಡೆಯುವ ಪ್ಲೈ, ಸಾಕು. ಮೇಲ್ಹಲಗೆಯ ಒಳಚೌಕಟ್ಟಿಗೆ ಒಣಗಿದ ಗಟ್ಟಿ ಮರದ ಪಟ್ಟಿಗಳು ಬೇಕು. ಮತ್ತಿ, ಹೊನ್ನೆ, ಹಲಸು ಯಾವುದಾದರೂ ಸರಿ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗಕ್ಕೆ ಸಿಕ್ಕರೆ ಅದೂ ಆಗುತ್ತದೆ.

ಅಚ್ಚಿಗೆ 20 ಮಿ.ಮೀ. ದಪ್ಪದ ಬ್ರೈಟ್ ಬಾರ್ (ಮೈ ನುಣುಪಾಗಿಸಿದ ಉಕ್ಕಿನ ಸರಳು), ಉದ್ದ 710. ಸಾದಾ ಕಬ್ಬಿಣದ ಸರಳು ಬೇಡ. ಅದರ ಮೈ ಒರಟು, ದಪ್ಪವೂ ಒಂದೇ ಸಮ ಇರುವುದಿಲ್ಲ, ಬೇರಿಂಗ್ ಒಳಗೆ ಕೂರುವುದಿಲ್ಲ. ಬೇರಿಂಗ್ ಅಂಗಡಿಯಲ್ಲಿ ಯುಸಿಎಫ್‌ಎಲ್ 204 ಎಂದು ಕೇಳಿ. ಎರಡು ಬೋಲ್ಟಿನ ಚಪ್ಪಟೆ ಕವಚದೊಳಗೆ 20 ಮಿ.ಮೀ. ತೂತಿನ ಬೇರಿಂಗ್ ಇರುತ್ತದೆ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಸುತ್ತಾಡಿದರೆ ಸಿಗುತ್ತದೆ. ಬೇರೆ ಊರುಗಳಲ್ಲಿ ಕೃಷಿ ಯಂತ್ರ, ಹಿಟ್ಟಿನ ಗಿರಣಿಯ ಬಿಡಿಭಾಗ ಮಾರುವವರ ಬಳಿ ವಿಚಾರಿಸಿ.

ಬರೀ ಅರ್ಧ ಸುತ್ತು ತಿರುಗುವ ಹಲಗೆಗೆ ಬೇರಿಂಗ್ ಬೇಕೇ ಎಂದು ಕೇಳಬಹುದು. ಭಾರ ತಡೆಯಲು ಖಂಡಿತ ಬೇಡ, ಪ್ಲೈಗೆ ತೂತು ಕೊರೆದು ಸರಳು ತೂರಿಸಿದರೂ ತಿರುಗುತ್ತದೆ. ಆದರೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲ ಬಂತೆಂದರೆ ಮರ ಉಬ್ಬುತ್ತದೆ, ಸರಳಿಗೆ ತುಕ್ಕು ಹಿಡಿಯುತ್ತದೆ, ಎರಡೂ ಸೇರಿ ಬಿಗಿಯುತ್ತವೆ. ಆಗ ಜೋರಾಗಿ ತಳ್ಳುತ್ತೀರಿ, ಒಮ್ಮೆಲೆ ಬಿಟ್ಟುಕೊಳ್ಳುತ್ತದೆ. ಭಾರದ ಯಂತ್ರದ ಜತೆ ಆ ಜಗ್ಗಾಟ ಬೇಡ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಉಳಿದದ್ದು: ಲಾಕ್ ಇರುವ 4 ಇಂಚಿನ ಗಾಲಿ ನಾಲ್ಕು, ಒಂದೊಂದೂ ಕನಿಷ್ಠ 50 ಕಿಲೋ ತಡೆಯುವಂಥದ್ದು. ಎಂ10, ಅಂದರೆ 10 ಮಿ.ಮೀ. ದಪ್ಪದ, ಬೋಲ್ಟು ನಾಲ್ಕು, ತಲೆಗೆ ಕೈಹಿಡಿಕೆ ಇರುವಂಥವು. ಅವುಗಳಿಗೆ ಮರದೊಳಗೆ ತಿರುಗಿಸಿ ಕೂರಿಸುವ ಇನ್ಸರ್ಟ್ ನಟ್ಟು ನಾಲ್ಕು. ಬೇರಿಂಗಿಗೆ, ಗಾಲಿಗೆ ನಟ್ಟು ಬೋಲ್ಟು. 20 ಮಿ.ಮೀ. ಸರಳಿಗೆ ಹೊಂದುವ ವಾಶರ್ ಎರಡು. ಫೆವಿಕಾಲ್ ಮರೀನ್, 30 ಮತ್ತು 50 ಮಿ.ಮೀ. ಸ್ಕ್ರೂ.

ಪ್ಲೈ ಕತ್ತರಿಸುವ ಕ್ರಮ

ಶೀಟನ್ನು ಉದ್ದಕ್ಕೆ ಸೀಳಿ 608 ಅಗಲದ ಎರಡು ಪಟ್ಟೆ ಮಾಡಿ. ಮೊದಲ ಪಟ್ಟೆಯಲ್ಲಿ 718 ಉದ್ದದ ಮೂರು ತುಂಡು ತೆಗೆದರೆ ಕೊನೆಯಲ್ಲಿ ಸುಮಾರು 270 ಉಳಿಯುತ್ತದೆ. ಎರಡನೇ ಪಟ್ಟೆಯಲ್ಲಿ 718ರ ಒಂದು ತುಂಡು, 560ರ ಎರಡು, 566ರ ಒಂದು. ಗರಗಸ ತಿನ್ನುವ ಜಾಗವೂ ಸೇರಿ ಶೀಟು ಇದಕ್ಕೆ ಸರಿಯಾಗಿ ಸಾಕಾಗುತ್ತದೆ. ಅಂಗಡಿಯಲ್ಲೇ ಪ್ಯಾನೆಲ್ ಸಾದಲ್ಲಿ ಕತ್ತರಿಸಿಕೊಡುತ್ತಾರಾದರೆ ಅಲ್ಲೇ ಮಾಡಿಸಿ. ಅಂಚು ಮೂಲೆಮಟ್ಟಕ್ಕೆ ಬರುತ್ತದೆ, ಸಾಗಿಸುವುದೂ ಸುಲಭ.

718ರ ನಾಲ್ಕು ತುಂಡುಗಳ ಅಗಲವನ್ನು 560ಕ್ಕೆ ಇಳಿಸಿ. ಇವು ಪಕ್ಕದ ಹಲಗೆಗಳು, ಎರಡೆರಡು ಅಂಟಿಸಿ 36 ದಪ್ಪ ಮಾಡಬೇಕು. 560ರ ಎರಡು ತುಂಡಿನ ಅಗಲ 600. ಇವು ಮೇಲ್ಹಲಗೆಯ ಎರಡು ಮುಖ. 566ರ ತುಂಡು ತಳ, ಅದರ ಅಗಲವೂ 560. ಉಳಿದ 270ರ ತುಂಡಿನಿಂದ 566×225ರ ಹಿಂಬದಿ ಪಟ್ಟಿ ತೆಗೆಯಿರಿ.

ಹಿಂಬದಿ ಪಟ್ಟಿಗೆ 225 ಯಾಕೆ? ತಳದ ಮೇಲೆ ನಿಂತಾಗ ಅದರ ತುದಿ ನೆಲದಿಂದ 373ಕ್ಕೆ ಬರುತ್ತದೆ, ನಮ್ಮ ಗೆರೆ 307 ಇತ್ತಲ್ಲ ಎನ್ನಿಸಬಹುದು. ವೃತ್ತ ಅತಿ ಕೆಳಗಿಳಿಯುವುದು ನಡುವಿನಲ್ಲಿ. ಹಿಂದಿನ ಅಂಚಿಗೆ ಹೋದಂತೆ ಅದು ಮೇಲೇರುತ್ತದೆ. ಅಲ್ಲಿ 379 ತನಕ ಅವಕಾಶವಿದೆ. ಆ ಆರೂವರೆ ಸೆಂಟಿಮೀಟರನ್ನು ಬಿಡಬಾರದು, ಯಾಕೆಂದರೆ ಸ್ಟ್ಯಾಂಡು ಎಡಬಲಕ್ಕೆ ಓಲಾಡದಂತೆ ಹಿಡಿಯುವುದು ಈ ಪಟ್ಟಿಯೇ.

ಮೇಲ್ಹಲಗೆ

ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು. ಫ್ಲಶ್ ಡೋರ್ ಕಟ್ಟುವ ಹಾಗೆ, ನಡುವೆ ಮರದ ಚೌಕಟ್ಟು, ಎರಡು ಮುಖಕ್ಕೆ ಪ್ಲೈ. ಗಟ್ಟಿ ಮರದ ಪಟ್ಟಿಗಳನ್ನು ಮೊದಲು ನಿಮ್ಮ ಪ್ಲೇನರ್‌ನಲ್ಲೇ 30 ದಪ್ಪಕ್ಕೆ ಹಾಕಿ. ಯಂತ್ರ ನೆಲದ ಮೇಲಿದ್ದರೂ ಪರವಾಗಿಲ್ಲ, ಅದರ ಸ್ಟ್ಯಾಂಡಿಗೆ ಅದೇ ಮರ ಸಿದ್ಧಮಾಡಿಕೊಡಲಿ. ಎಲ್ಲ ಪಟ್ಟಿಯನ್ನೂ ಕೊನೆಯ ಸಲ ಒಂದೇ ಅಳತೆಯಲ್ಲಿ ತೂರಿಸಿ. ಒಂದು ಪಟ್ಟಿ ಅರ್ಧ ಮಿ.ಮೀ. ಹೆಚ್ಚಿದ್ದರೂ ಮೇಲಿನ ಪ್ಲೈ ಉಬ್ಬುತ್ತದೆ.

ಎಡಬಲದ ಅಂಚಿಗೆ 80 ಅಗಲದ ಪಟ್ಟಿ, 600 ಉದ್ದ. ಇವುಗಳೊಳಗೇ ಇನ್ಸರ್ಟ್ ನಟ್ಟು ಕೂರುವುದು, ಅದಕ್ಕೇ ಅಷ್ಟು ಅಗಲ. ಮುಂದೆ ಹಿಂದೆ 50 ಅಗಲದ ಪಟ್ಟಿ. ಸರಿ ನಡುವೆ, ಅಚ್ಚು ಹೋಗುವ ದಾರಿಯಲ್ಲಿ, 80 ಅಗಲದ ಇನ್ನೊಂದು. ಈಗ ಪ್ಲೇನರನ್ನು ಪ್ಲೈ ಮೇಲಿಟ್ಟು ಅದರ ಪಾದದ ತೂತುಗಳನ್ನು ಗುರುತು ಮಾಡಿ. ಆ ಜಾಗಗಳಲ್ಲೂ ಮರದ ತುಂಡು ತುಂಬಿಸಿ. ಇದನ್ನು ಬಿಟ್ಟರೆ ಬೋಲ್ಟು ಬಿಗಿದಾಗ ಟೊಳ್ಳು ಪ್ಲೈ ಒಳಗೆ ಕುಸಿಯುತ್ತದೆ, ಕೆಲವೇ ದಿನದಲ್ಲಿ ಯಂತ್ರ ಅಲುಗಾಡಲು ಶುರುವಾಗುತ್ತದೆ.

ಚೌಕಟ್ಟನ್ನು ಒಂದು ಪ್ಲೈಗೆ ಅಂಟಿಸಿ, ಒಣಗಿದ ಮೇಲೆ ಅಚ್ಚಿನ ಕಾಲುವೆ ತೆಗೆಯಿರಿ. ಅಗಲ 20, ಆಳ 25. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ರೌಟರ್ (ಕಾಲುವೆ ಕೊರೆಯುವ ಕೈಯಂತ್ರ) ಒಂದೇ ಓಟದಲ್ಲಿ ಹೋಗಲಿ, ಪ್ರತಿ ಸಲ ಸ್ವಲ್ಪ ಸ್ವಲ್ಪ ಆಳಕ್ಕೆ. 30 ದಪ್ಪದಲ್ಲಿ 25 ಆಳ ತೆಗೆದರೆ ಕೆಳಗೆ 5 ಉಳಿಯುತ್ತದೆ. ಸರಳನ್ನು ಅದರ ಮೇಲೆ ಮಲಗಿಸಿ, ಮೇಲೆ 5 ಮಿ.ಮೀ. ದಪ್ಪದ ಪಟ್ಟಿ ಮುಚ್ಚಿದರೆ ಸರಳು ದಪ್ಪದ ಸರಿ ನಡುವೆ ಬರುತ್ತದೆ.

ಸರಳು ಮೇಲ್ಹಲಗೆಯ ಜತೆಗೇ ತಿರುಗಬೇಕು, ಒಳಗೆ ಜಾರಕೂಡದು. ಲೇತ್ ಅಂಗಡಿಯಲ್ಲಿ ಸರಳಿಗೆ ಎರಡು ಕಡೆ 6.5 ಮಿ.ಮೀ. ಅಡ್ಡ ತೂತು ಕೊರೆಸಿಕೊಳ್ಳಿ. ಇನ್ನೊಂದು ಪ್ಲೈ ಮುಚ್ಚುವ ಮೊದಲು, ಆ ತೂತುಗಳ ಮೂಲಕ ಕೆಳಗಿನ ಪ್ಲೈವರೆಗೂ ಬೈರಿಗೆ ಹಾಕಿ ಎಂ6 ಬೋಲ್ಟು ಕೂರಿಸಿ ನೋಡಿ. ಬೋಲ್ಟಿನ ತಲೆ ಖಾಲಿ ಮುಖದ ಕಡೆ ಬರಲಿ, ಮರದ ಮಟ್ಟಕ್ಕಿಂತ ಎರಡು ಮಿ.ಮೀ. ಒಳಗಿರಲಿ. ಆಮೇಲೆ ಸರಳು ತೆಗೆದಿಟ್ಟು, ಮುಚ್ಚುವ ಪಟ್ಟಿ, ಮೇಲಿನ ಪ್ಲೈ ಎಲ್ಲ ಅಂಟಿಸಿ ಭಾರ ಹೇರಿ ಒಂದು ದಿನ ಬಿಡಿ. ಭಾರ ಹೇರುವ ನೆಲ ಸಮತಟ್ಟಾಗಿರಬೇಕು. ಅಂಟು ಒಣಗುವಾಗ ಯಾವ ಡೊಂಕು ಇತ್ತೋ ಅದೇ ಡೊಂಕು ಕೊನೆತನಕ ಉಳಿಯುತ್ತದೆ. ಕಾಲುವೆಯೊಳಗೆ ಅಂಟು ಹರಿದು ಸರಳಿನ ದಾರಿ ಮುಚ್ಚದಂತೆ ನೋಡಿಕೊಳ್ಳಿ.

ಪಕ್ಕದ ಹಲಗೆ, ತಳ, ಅಚ್ಚು

ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ಕ್ಲ್ಯಾಂಪ್ ಹಾಕಿ, ಅಚ್ಚಿನ ತೂತನ್ನು ಒಟ್ಟಿಗೇ ಕೊರೆಯಿರಿ. ಮೇಲಂಚಿನಿಂದ 31 ಕೆಳಗೆ, ಅಗಲದ ಸರಿ ನಡುವೆ, 25 ಮಿ.ಮೀ. ತೂತು. ಸರಳಿಗಿಂತ ತೂತು ದೊಡ್ಡದಿರಲಿ. ಸರಳನ್ನು ಹಿಡಿಯುವುದು ಬೇರಿಂಗ್, ಮರ ಅಲ್ಲ. ಬೇರಿಂಗ್ ಹೊರಮುಖಕ್ಕೆ ಬರುತ್ತದೆ, ಅದರ ಎರಡು ಬೋಲ್ಟು ಅಡ್ಡಸಾಲಿನಲ್ಲಿರಲಿ. ಉದ್ದಸಾಲಿನಲ್ಲಿ ಕೂರಿಸಿದರೆ ಕವಚ ಮೇಜಿನ ಮಟ್ಟ ದಾಟಿ ಮೇಲೆ ಬರುತ್ತದೆ. ಪಕ್ಕದ ಹಲಗೆಯ ಮೇಲಂಚು ಮೇಜಿನ ಮಟ್ಟಕ್ಕಿಂತ 2 ಮಿ.ಮೀ. ತಗ್ಗಿರುವ ಹಾಗೆ ಲೆಕ್ಕ ಹಾಕಿದ್ದೇವೆ, ಹಾಗಾಗಿ ಮೇಲೆ ಜಾರುವ ಮರಕ್ಕೆ ಎಲ್ಲೂ ತಗಲುವುದಿಲ್ಲ.

ತಳವನ್ನು ಎರಡು ಪಕ್ಕದ ಹಲಗೆಗಳ ನಡುವೆ, ಕೆಳ ಅಂಚಿಗೆ ಸಮವಾಗಿ ಕೂರಿಸಿ, ಅಂಟು ಸ್ಕ್ರೂ ಎರಡೂ ಹಾಕಿ. ಹಿಂಬದಿ ಪಟ್ಟಿಯೂ ಹಾಗೆಯೇ. ಗಾಲಿಗೆ ಸ್ಕ್ರೂ ಬೇಡ, ತಳದ ಮೂಲಕ ತೂರಿದ ನಟ್ಟು ಬೋಲ್ಟು ಹಾಕಿ. ನಾನು ಗಾಲಿಯ ಎತ್ತರವನ್ನು 130 ಎಂದು ಹಿಡಿದಿದ್ದೇನೆ. ನೀವು ತಂದದ್ದು 125 ಇದ್ದರೆ ಪಕ್ಕದ ಹಲಗೆಗೆ 5 ಸೇರಿಸಿ, 135 ಇದ್ದರೆ ಕಳೆಯಿರಿ. ಅಂದರೆ ಗಾಲಿ ಕೈಗೆ ಬಂದ ಮೇಲೇ ಪ್ಲೈ ಕತ್ತರಿಸಬೇಕು.

ಈಗ ಇಬ್ಬರು ಸೇರಿ, ಪ್ಲೇನರ್ ಇಲ್ಲದ ಬರೀ ಮೇಲ್ಹಲಗೆಯನ್ನು ನಡುವೆ ಹಿಡಿದು, ಒಂದು ಪಕ್ಕದಿಂದ ಸರಳು ತೂರಿಸಿ. ಮೇಲ್ಹಲಗೆಗೂ ಪಕ್ಕದ ಹಲಗೆಗೂ ನಡುವೆ ಎಡಬಲದಲ್ಲಿ 3 ಮಿ.ಮೀ. ಸಂದು ಇರುತ್ತದೆ. ವಾಶರ್ ಅಲ್ಲಿಗೆ ಹೋಗಬೇಕು. ಎಂ6 ಬೋಲ್ಟು ಹಾಕಿ ಸರಳನ್ನು ಮೇಲ್ಹಲಗೆಗೆ ಕಟ್ಟಿ. ಬೇರಿಂಗಿನ ಕುತ್ತಿಗೆಯಲ್ಲಿರುವ ಚಿಕ್ಕ ಸ್ಕ್ರೂಗಳನ್ನು ಅಲೆನ್ ಕೀಯಿಂದ ಬಿಗಿಯಿರಿ. ಬೆರಳಲ್ಲಿ ತಳ್ಳಿದರೂ ಮೇಲ್ಹಲಗೆ ಸದ್ದಿಲ್ಲದೆ ತಿರುಗಬೇಕು.

ಬೀಗದ ತೂತುಗಳು

ಮೇಲ್ಹಲಗೆಯನ್ನು ಎರಡು ಸ್ಥಿತಿಯಲ್ಲೂ ಅಲುಗಾಡದಂತೆ ನಿಲ್ಲಿಸಬೇಕು. ಬಾಗಿಲಿನ ಟವರ್ ಬೋಲ್ಟ್ ಹಾಕುವವರಿದ್ದಾರೆ. ಅದು ಹಲಗೆಯನ್ನು ತಡೆಯುತ್ತದೆ, ಬಿಗಿಹಿಡಿಯುವುದಿಲ್ಲ. ಪ್ಲೇನರ್ ಓಡುವಾಗಿನ ಅದುರು ಜೋರು, ಆ ಸಡಿಲವೇ ಮರದ ಮೇಲೆ ಅಲೆಅಲೆಯ ಗುರುತಾಗಿ ಕಾಣಬಹುದು. ಪಕ್ಕದ ಹಲಗೆಯ ಮೂಲಕ ಹೋಗಿ ಮೇಲ್ಹಲಗೆಯೊಳಗಿನ ನಟ್ಟಿಗೆ ಬಿಗಿಯುವ ಎಂ10 ಬೋಲ್ಟೇ ಸರಿ. ಪ್ರತಿ ಪಕ್ಕಕ್ಕೆ ಎರಡು.

ಮಗುಚಿದಾಗಲೂ ಅದೇ ಬೋಲ್ಟು ಅದೇ ತೂತಿಗೆ ಹೋಗಬೇಕಾದರೆ ಎರಡು ಷರತ್ತು. ತೂತುಗಳು ಅಚ್ಚಿನ ಮಟ್ಟದಲ್ಲೇ, ಒಂದೇ ಗೆರೆಯಲ್ಲಿರಬೇಕು. ಅಚ್ಚಿನಿಂದ ಮುಂದಿನ ತೂತಿಗೂ ಹಿಂದಿನ ತೂತಿಗೂ ದೂರ ಸಮ ಇರಬೇಕು. ಟೇಪು ಹಿಡಿದು ಗುರುತು ಹಾಕಿದರೆ ಒಂದು ಮಿ.ಮೀ. ಆಚೀಚೆ ಆಗಿಯೇ ಆಗುತ್ತದೆ. ಬದಲಿಗೆ ಒಂದು ಪ್ಲೈ ಪಟ್ಟಿ ತೆಗೆದುಕೊಳ್ಳಿ. ಅದಕ್ಕೆ ಉದ್ದದ ಗೆರೆ ಎಳೆದು, ನಡುವೆ 20 ಮಿ.ಮೀ. ತೂತು, ಅಲ್ಲಿಂದ 230 ದೂರದಲ್ಲಿ ಎರಡೂ ಕಡೆ ಸಣ್ಣ ತೂತು ಮಾಡಿ. ನಡುವಿನ ತೂತಿಗೆ ಸರಳಿನ ತುಂಡೊಂದನ್ನು ಸಿಕ್ಕಿಸಿ, ಒಂದು ರದ್ದಿ ಹಲಗೆಯ ಮೇಲೆ ಎರಡು ಬದಿಯ ತೂತನ್ನೂ ಚುಚ್ಚಿ ಗುರುತು ಮಾಡಿ. ಈಗ ಪಟ್ಟಿಯನ್ನು ಸರಳಿನ ಸುತ್ತ ಅರ್ಧ ಸುತ್ತು ತಿರುಗಿಸಿ. ತೂತು ಹಳೆಯ ಗುರುತಿನ ಮೇಲೇ ಬಿದ್ದರೆ ಪಟ್ಟಿ ಸರಿ. ಬೀಳದಿದ್ದರೆ ಹೊಸ ಪಟ್ಟಿ ಮಾಡಿ, ಅದನ್ನೇ ತಿದ್ದಲು ಹೋಗಬೇಡಿ.

ಈ ಪಟ್ಟಿಯೇ ಅಳತೆಗೋಲು. ಬೇರಿಂಗ್ ಬಿಚ್ಚಿ ಮೇಲ್ಹಲಗೆ ಹೊರತೆಗೆದು, ಅದರ ಎರಡು ಪಕ್ಕಕ್ಕೂ, ಎರಡು ಪಕ್ಕದ ಹಲಗೆಗಳ ಒಳಮುಖಕ್ಕೂ ಇದೇ ಪಟ್ಟಿಯಿಂದ ಗುರುತು ಹಾಕಿ. ಸರಳು ಅಚ್ಚಿನ ತೂತಿನ ನಡುವೆಯೇ ನಿಲ್ಲುವಂತೆ ಬೇರಿಂಗನ್ನು ತಿರುಗಿ ಹಾಕಿಕೊಂಡು ಅಳೆಯಿರಿ. ಬೈರಿಗೆ ನೆಟ್ಟಗೆ ಇಳಿಯಬೇಕು, ಸಾಧ್ಯವಾದರೆ ಡ್ರಿಲ್ ಸ್ಟ್ಯಾಂಡ್ ಬಳಸಿ. ಪಕ್ಕದ ಹಲಗೆಯಲ್ಲಿ 10.5 ಮಿ.ಮೀ. ತೂತು ಸಾಕು, ಆ ಅರ್ಧ ಮಿ.ಮೀ. ಸಣ್ಣ ವ್ಯತ್ಯಾಸ ನುಂಗುತ್ತದೆ.

ಬೋಲ್ಟು ಬಿಗಿದಾಗ ಪಕ್ಕದ ಹಲಗೆ ಆ 3 ಮಿ.ಮೀ. ಸಂದಿಗೆ ಬಾಗಬಾರದಲ್ಲ, ಅದಕ್ಕೆ ತೂತಿನ ಸುತ್ತ ಒಳಮುಖಕ್ಕೆ 1 ಮಿ.ಮೀ. ಮೈಕಾ ತುಂಡನ್ನು ಮೂರು ಪದರ ಅಂಟಿಸಿ. ತಿರುಗುವಾಗ ನುಣ್ಣಗೆ ಜಾರುತ್ತದೆ, ಬಿಗಿದಾಗ ಕಚ್ಚಿ ಹಿಡಿಯುತ್ತದೆ. ಬೋಲ್ಟು ಬಿಗಿದ ಕೂಡಲೇ ಇಡೀ ಸ್ಟ್ಯಾಂಡು ಒಂದೇ ಪೆಟ್ಟಿಗೆಯ ಹಾಗೆ ಗಟ್ಟಿಯಾಗುವುದು ಕೈಗೆ ಗೊತ್ತಾಗುತ್ತದೆ.

ಯಂತ್ರ ಏರಿಸುವುದು, ಮಗುಚುವುದು

ನಾಲ್ಕೂ ಬೋಲ್ಟು ಬಿಗಿದು, ಗಾಲಿಗೆ ಲಾಕ್ ಹಾಕಿ, ಇಬ್ಬರು ಸೇರಿ ಪ್ಲೇನರ್ ಏರಿಸಿ. ಮರ ಮುಂದಿನಿಂದ ಹಿಂದಕ್ಕೆ, ಅಂದರೆ ಅಚ್ಚಿಗೆ ಅಡ್ಡವಾಗಿ ಹೋಗಬೇಕು. ಪಾದದ ತೂತುಗಳ ಮೂಲಕ ಬೋಲ್ಟು ಇಳಿಸಿ, ಖಾಲಿ ಮುಖದ ಕಡೆ ಟಿ-ನಟ್ಟನ್ನು (ಹಲ್ಲಿನಿಂದ ಮರಕ್ಕೆ ಕಚ್ಚುವ ನಟ್ಟು) ಮರದೊಳಗೆ ಇಳಿಸಿ ಬಿಗಿಯಿರಿ. ಸ್ಪ್ರಿಂಗ್ ವಾಶರ್ ಮರೆಯಬೇಡಿ. ತಲೆಕೆಳಗಾಗಿ ತೂಗುವ ಯಂತ್ರ ಅದು, ಮೊದಲ ಕೆಲವು ವಾರ ಆಗಾಗ ಬಿಗಿ ನೋಡುತ್ತಿರಿ.

ಮಗುಚುವ ದಿಕ್ಕು ಯಾವುದು ಎನ್ನುವುದು ಸಣ್ಣ ವಿಷಯವಲ್ಲ. ಮುಂದಿನ ಅಂಚನ್ನು ಕೆಳಗೆ ಒತ್ತಿದರೆ ಯಂತ್ರ ನಿಮ್ಮ ಹೊಟ್ಟೆಯ ಕಡೆಗೆ ಬರುತ್ತದೆ. ಹಾಗೆ ಎಂದಿಗೂ ಮಾಡಬೇಡಿ. ಮುಂದೆ ನಿಂತು ಮುಂದಿನ ಅಂಚನ್ನು ಮೇಲಕ್ಕೆತ್ತಿ. ಯಂತ್ರ ಹಿಂದಕ್ಕೆ ವಾಲುತ್ತದೆ, ಖಾಲಿ ಮುಖ ನಿಮ್ಮ ಎದುರಿಗೆ ಬಾಗಿಲಿನಂತೆ ನಿಲ್ಲುತ್ತದೆ. ಅಲ್ಲಿ ಭಾರ ಅತಿ ಹೆಚ್ಚು ಬರುತ್ತದೆ, ಎರಡೂ ಕೈಯಲ್ಲಿ ಅಂಚನ್ನು ನಿಮ್ಮ ಕಡೆ ಎಳೆದು ಹಿಡಿದು, ನಿಧಾನವಾಗಿ ಬಿಟ್ಟುಕೊಡುತ್ತಾ ಹೋಗಿ. ಮತ್ತೆ ಯಂತ್ರ ಮೇಲೆ ತರಬೇಕಾದಾಗ ಹಿಂದಿನ ಅಂಚನ್ನು ಮೇಲೆತ್ತಿ ನಿಮ್ಮ ಕಡೆಗೆ ಎಳೆಯಿರಿ. ಎರಡೂ ಸಲ ಯಂತ್ರ ಓಡಾಡುವುದು ನಿಮ್ಮಿಂದ ಆಚೆಗೆ.

ಇದಕ್ಕೆ ಹಿಂದೆ ಜಾಗ ಬೇಕು. ಯಂತ್ರದ ಮೂಲೆ ಮೇಲ್ಹಲಗೆಯ ಅಂಚಿಗಿಂತ 186 ಆಚೆ ಹೋಗುತ್ತದೆ. ಗೋಡೆಯಿಂದ ಒಂದಡಿ ಮುಂದಕ್ಕೆಳೆದು, ನಾಲ್ಕೂ ಗಾಲಿಗೆ ಲಾಕ್ ಹಾಕಿದ ಮೇಲೇ ಬೋಲ್ಟು ಬಿಚ್ಚಿ. ಅದಕ್ಕೂ ಮೊದಲು ಪ್ಲಗ್ ಕಿತ್ತಿರಬೇಕು, ವೈರು ಸುತ್ತಿ ಕಟ್ಟಿರಬೇಕು, ಮೇಜುರೆಕ್ಕೆ ಮಡಚಿರಬೇಕು, ಹೊಟ್ಟಿನ ಪೈಪು ಬಿಚ್ಚಿರಬೇಕು, ತಲೆಭಾಗಕ್ಕೆ ಲಾಕ್ ಇದ್ದರೆ ಹಾಕಿರಬೇಕು. ಮೇಲೆ ಸ್ಪಾನರ್ ಏನಾದರೂ ಮರೆತು ಇಟ್ಟಿದ್ದೀರಾ ನೋಡಿ. ಮಕ್ಕಳು ಹತ್ತಿರ ಇದ್ದರೆ ಮಗುಚುವ ಕೆಲಸವೇ ಬೇಡ.

ತಳದ ಮೇಲೆ ಉಳಿದ ಜಾಗಕ್ಕೆ 140 ಎತ್ತರದ ಡ್ರಾಯರು ಮಾಡಿಕೊಳ್ಳಬಹುದು. ಬ್ಲೇಡು, ಸ್ಪಾನರ್, ಕ್ಲ್ಯಾಂಪ್ ಹೀಗೆ ಭಾರದ ಸಾಮಾನನ್ನೇ ಅಲ್ಲಿಡಿ. ಯಂತ್ರ ಮೇಲಿದ್ದಾಗ ಸ್ಟ್ಯಾಂಡಿನ ಭಾರವೆಲ್ಲ ತಲೆಯ ಕಡೆ ಇರುತ್ತದೆ, ಕೆಳಗೆ ಹತ್ತಿಪ್ಪತ್ತು ಕಿಲೋ ಇದ್ದರೆ ಒಳ್ಳೆಯದು.

ಓಡಿಸುವ ಮೊದಲು

ಮೊದಲಿಗೆ ವಿದ್ಯುತ್ತು. ಮಕೀಟಾದ ಮೋಟರು 1650 ವಾಟ್. 230 ವೋಲ್ಟಿನಲ್ಲಿ ಸುಮಾರು 7.2 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಜಾಸ್ತಿ. ಫ್ಯಾನು ಲೈಟಿನ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಹಾಕಬಾರದು, 16 ಆಂಪಿಯರ್‌ನದೇ ಬೇಕು. ಎಕ್ಸ್‌ಟೆನ್ಷನ್ ವೈರು ಕನಿಷ್ಠ 1.5 ಚದರ ಮಿ.ಮೀ. ಇರಲಿ, ಉದ್ದ ಜಾಸ್ತಿಯಾದರೆ 2.5.

ಈಗ ನೀವು ಬರೆದಿಟ್ಟ ನಾಲ್ಕನೇ ಅಳತೆ. ಈ ಎರಡೂ ಯಂತ್ರಗಳಲ್ಲಿ ಹಾಸು ನಿಂತಲ್ಲೇ ಇರುತ್ತದೆ, ಬ್ಲೇಡಿನ ತಲೆಭಾಗ ಮೇಲೆ ಕೆಳಗೆ ಹೋಗುತ್ತದೆ. ಅಂದರೆ ಮರ ಹೊರಬರುವ ಎತ್ತರ ಯಾವತ್ತೂ ಒಂದೇ. ಪಾದದಿಂದ ಹಾಸಿನವರೆಗೆ ಎಷ್ಟಿದೆಯೋ ಅಷ್ಟೇ ಎತ್ತರದ ಉದ್ದ ಪೆಟ್ಟಿಗೆಯೊಂದನ್ನು ಉಳಿದ ಪ್ಲೈನಲ್ಲಿ ಮಾಡಿ, ಮೇಲೆ ಮೈಕಾ ಅಂಟಿಸಿ. ಸ್ಟ್ಯಾಂಡಿನ ಹಿಂದೆ ನಿಮ್ಮ ಕೆಲಸದ ಮೇಜು ಬರುವಂತೆ ನಿಲ್ಲಿಸಿ, ಈ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರೆ ಹೊರಬರುವ ಮರಕ್ಕೆ ಆಸರೆ ಸಿಕ್ಕಿತು. ಈ ಆಸರೆ ಇಲ್ಲದಿದ್ದರೆ ಉದ್ದ ಮರದ ತುದಿ ಕೆಳಗೆ ಜೋಲುತ್ತದೆ. ಒಂದೇ ರೋಲರ್ ಹಿಡಿದಿರುವ ಹೊತ್ತಿನಲ್ಲಿ ಒಳಗಿನ ತುದಿ ಬ್ಲೇಡಿನ ಕಡೆ ಎದ್ದುಕೊಳ್ಳುತ್ತದೆ, ಕೊನೆಯ ಎರಡು ಮೂರು ಇಂಚು ಹಳ್ಳ ಬೀಳುತ್ತದೆ. ಸ್ನೈಪ್ ಅಂತ ಕರೆಯುವುದು ಇದನ್ನೇ. ಪೆಟ್ಟಿಗೆ ಹಾಸಿಗಿಂತ ಅರ್ಧ ಮಿ.ಮೀ. ಮೇಲಿದ್ದರೂ ನಡೆಯುತ್ತದೆ, ಕೆಳಗಿರಬಾರದು.

ಹೊಟ್ಟು ಎಷ್ಟು ಬರುತ್ತದೆ ಎನ್ನುವುದನ್ನು ಮೊದಲ ಸಲ ನೋಡಿದವರಿಗೆ ನಂಬಲಾಗುವುದಿಲ್ಲ. ಪೈಪಿನ ತುದಿಗೆ ಗೋಣಿಚೀಲ ಕಟ್ಟಿದರೆ ದಪ್ಪ ಸಿಪ್ಪೆ ನಿಲ್ಲುತ್ತದೆ, ನುಣ್ಣನೆ ಧೂಳು ನಿಲ್ಲುವುದಿಲ್ಲ. ಮಾಸ್ಕ್ ಹಾಕಿ, ಕಿವಿಗೆ ಮುಚ್ಚಳ ಹಾಕಿ. ಮಗುಚುವ ಮೊದಲು ಯಂತ್ರದೊಳಗಿನ ಹೊಟ್ಟನ್ನು ಬ್ರಶ್ಶಿನಿಂದ ತೆಗೆಯಿರಿ. ತಲೆಕೆಳಗಾದಾಗ ಅದು ಮೋಟರಿನ ಗಾಳಿಕಿಂಡಿಗೆ ಸೇರಬಹುದು. ಮಳೆಗಾಲದಲ್ಲಿ ಯಂತ್ರದ ಹಾಸಿನ ಮೇಲೆ ತೆಳುವಾಗಿ ಮೇಣ ಸವರಿ ಮಗುಚಿ. ಸರಳಿನ ಹೊರತುದಿಗೆ ಒಂದಿಷ್ಟು ಗ್ರೀಸು ಇರಲಿ.

ಪರೀಕ್ಷೆಗೆ 150 ಅಗಲದ, ಮೂರಡಿ ಉದ್ದದ ಸಾದಾ ಮರ ಸಾಕು. ಒಂದು ಸಲಕ್ಕೆ ಒಂದು ಮಿ.ಮೀ.ಗಿಂತ ಕಡಿಮೆ ಕೊಟ್ಟು ತೂರಿಸಿ. ಮರ ಒಳಗಿರುವಾಗ ಸ್ಟ್ಯಾಂಡಿನ ಪಕ್ಕದ ಹಲಗೆಗೆ ಅಂಗೈ ಇಟ್ಟು ನೋಡಿ. ಮೋಟರಿನ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಬರಬೇಕು. ಬಡಿತ ಕೇಳಿಸಿದರೆ ನಿಲ್ಲಿಸಿ, ಮೊದಲು ನಾಲ್ಕು ಬೀಗದ ಬೋಲ್ಟು, ಆಮೇಲೆ ಪಾದದ ಬೋಲ್ಟು, ಆಮೇಲೆ ಗಾಲಿಯ ಲಾಕ್, ಈ ಕ್ರಮದಲ್ಲಿ ಹುಡುಕಿ. ಹೊರಬಂದ ಮರವನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಲೆ ಇದೆಯಾ ನೋಡಿ, ಎರಡು ತುದಿ ಮತ್ತು ನಡುವಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ನಡುವೆ ಸರಿಯಿದ್ದು ತುದಿ ಮಾತ್ರ ತೆಳುವಾಗಿದ್ದರೆ ಹಿಂದಿನ ಪೆಟ್ಟಿಗೆಯ ಕೆಳಗೆ ಮೈಕಾ ತುಂಡು ಕೊಟ್ಟು ಏರಿಸಿ, ಇನ್ನೊಮ್ಮೆ ತೂರಿಸಿ.